ಹೆಸರು ನೀಲಿ, ನೀರು ಹಸಿರು

ಮಡಕಶಿರಾ ಸೀಮೆಯ ಶೇಂಗಾ ಬೆಳೆಯುವ ರೈತ ನಾನು. ಮೂರು ಬೋರು ಕೊರೆಸಿ ಎರಡು ಬತ್ತಿದ ಮೇಲೆ, ನೀರು ಕಂಡಲ್ಲಿ ನಿಂತು ನೋಡುವುದು ಚಾಳಿಯಾಗಿದೆ. ಇಂಥವನನ್ನು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಕೆಲಸಕ್ಕಿರುವ ಮಗ 2023ರ ಜನವರಿಯಲ್ಲಿ ಬೆನ್ನಿಗೊಂದು ಚೀಲ ಹೊರಿಸಿ, ಅಲ್ಲಿಯ ದಕ್ಷಿಣ ಆಲ್ಪ್ಸ್ ಬೆಟ್ಟಸಾಲಿಗೆ ಕರೆದೊಯ್ದ. ನಮ್ಮಲ್ಲಿ ಸಂಕ್ರಾಂತಿ ಚಳಿ, ಅಲ್ಲಿ ನಡುಬೇಸಿಗೆ.

ಮಾವೊರಿ ಜನ ಪೂರ್ವಜನೆಂದು ಕಾಣುವ ಅವೊರಾಕಿ, ಅಂದರೆ ಮೌಂಟ್ ಕುಕ್, 3,724 ಮೀಟರ್ ಎತ್ತರ. ಎವರೆಸ್ಟಿಗೆ ಮುಂಚೆ ಹಿಲರಿ 1948ರಲ್ಲಿ ಏರಿದ ಬೆಟ್ಟ. ಅದರ ಕಣಿವೆಯಲ್ಲಿ ಡೇರೆ ಹಾಕಿದೆವು. ಮರುದಿನ 2,200 ಮೆಟ್ಟಿಲು ಹತ್ತಿ ಸೀಲಿ ಟಾರ್ನ್ಸ್ ಎಂಬ ಕೊಳಗಳಿಗೆ ಹೋಗುವಷ್ಟರಲ್ಲಿ ಮೊಣಕಾಲು ‘ಸಾಕಪ್ಪಾ’ ಅಂದವು. ಎದುರಿಗೆ ಮ್ಯೂಲರ್ ಗ್ಲೇಸಿಯರ್. ಕನ್ನಡದ ಮಂಜು, ತೆಲುಗಿನ ಮಂಚು, ಎರಡೂ ನನಗೆ ಗೊತ್ತಿದ್ದದ್ದು ಹೊತ್ತೇರಿದರೆ ಎಲೆಯಿಂದ ಆರಿಹೋಗುವಷ್ಟೇ. ಬೆಟ್ಟದಿಂದ ಹೊಳೆಯ ಹಾಗೆ ಇಳಿಯುವ ಈ ಹೆಪ್ಪಿಗೆ ಎರಡು ಭಾಷೆಯಲ್ಲೂ ನನ್ನ ಬಾಯಿಗೆ ಮಾತು ಬರಲಿಲ್ಲ.

ಮೂರನೆಯ ದಿನ ಟಾಸ್ಮನ್ ಕಣಿವೆ. ದಾರಿಯಲ್ಲಿ ‘ಬ್ಲೂ ಲೇಕ್ಸ್’ ಅಂತ ಬೋರ್ಡು. ಇಣುಕಿದರೆ ನೀರು ಪಾಚಿ ಹಸಿರು!

“ಇದ್ಯಾಕೋ ನೀಲಿ?” ಅಂದೆ.

“ಆಗ ನೀಲಿಯಿತ್ತಪ್ಪಾ. ಗ್ಲೇಸಿಯರ್ ಎತ್ತರದಲ್ಲಿದ್ದಾಗ ಅದರ ಕರಗಿದ ನೀರು ಕಲ್ಲುದಿಬ್ಬದೊಳಗೆ ಬಸಿದು ಇಲ್ಲಿಗೆ ಬರ್ತಿತ್ತು. ಈಗ ಅದು ಕರಗಿ ಕೆಳಗಿಳಿದಿದೆ. ಇದಕ್ಕೆ ಮಳೆನೀರೇ ಗತಿ.”

ದಿಬ್ಬದ ಮೇಲೆ ನಿಂತಾಗ ಅರ್ಥವಾಯಿತು. ಆ ದೇಶದ ಅತಿ ಉದ್ದದ ಗ್ಲೇಸಿಯರ್ ಇದು, ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದೆ. ಕೆಳತುದಿ ಬೆಳ್ಳಗಿಲ್ಲ, ಕಲ್ಲುಮಣ್ಣು ಹೊದ್ದು ಕ್ವಾರಿಯ ಹಾಗಿದೆ. ಅದರ ಮುಂದೆ ಬೂದುಬಣ್ಣದ ದೊಡ್ಡ ಸರೋವರ. ಬಂಡೆ ಅರೆದ ಹಿಟ್ಟು ಕಲೆತು ನೀರಿಗೆ ಆ ಬಣ್ಣ. ನಾನು ಹುಟ್ಟಿದಾಗ ಈ ಸರೋವರವೇ ಇರಲಿಲ್ಲ! ಮಂಜು ಹಿಂದೆ ಸರಿದ ಜಾಗದಲ್ಲೆಲ್ಲ ನೀರು ನಿಂತಿದೆ. ದೋಣಿಯಲ್ಲಿ ಹೋಗಿ, ತೇಲುತ್ತಿದ್ದ ಒಂದು ಚೂರು ಹೆಪ್ಪನ್ನು ಅಂಗೈಲಿಟ್ಟುಕೊಂಡೆ. ನೂರಾರು ವರ್ಷದ ಮಂಜು ನಿಮಿಷದಲ್ಲಿ ಬೆರಳ ಸಂದಿಯಿಂದ ಸೋರಿಹೋಯಿತು.

ಅಷ್ಟು ನೀರು ನೋಡಿ ಹಿಗ್ಗಬೇಕಿತ್ತು, ಹಿಗ್ಗಲಿಲ್ಲ. ಅದು ಆದಾಯವಲ್ಲ, ಗಂಟು ಕರಗುತ್ತಿರುವುದು. ನನ್ನ ಬೋರುಗಳಲ್ಲಿ ಆದದ್ದೂ ಅದೇ. ನಮ್ಮಲ್ಲೂ ಬತ್ತಿದ ಅಂಗಳಕ್ಕೆ ಕೆರೆ ಅಂತಲೇ ಹೆಸರು.

ಊರಿಗೆ ಬಂದವನು ನಾಲ್ಕನೇ ಬೋರಿಗೆಂದು ಇಟ್ಟಿದ್ದ ದುಡ್ಡಿನಲ್ಲಿ ಹೊಲದ ತಗ್ಗಿಗೊಂದು ಕೃಷಿಹೊಂಡ ತೋಡಿಸಿದೆ. ಅದಕ್ಕೂ ಮಳೆನೀರೇ ಗತಿ. ಹಸಿರಾದರೂ ಆಗಲಿ, ನಿಂತರೆ ಸಾಕು.