ಕಾದಂಬರಿಯನ್ನು ಭೂಪಟದ ಮೇಲೆ ಹರಡಿದರೆ!

ಪ್ಯಾರಿಸ್ಸಿನ ನಕ್ಷೆಯೊಂದನ್ನು ಬಿಡಿಸಿಟ್ಟುಕೊಳ್ಳಿ. ಬಾಲ್ಜಾಕ್‌ನ ‘ಫಾದರ್ ಗೋರಿಯೊ’ ಕಾದಂಬರಿಯ ಬಡ ವಿದ್ಯಾರ್ಥಿ ರಾಸ್ತಿನ್ಯಾಕ್‌ನ ಬಾಡಿಗೆ ಕೋಣೆ ಎಲ್ಲಿದೆಯೋ ಅಲ್ಲೊಂದು ಚುಕ್ಕೆ ಇಡಿ. ಅವನು ಒಲಿಸಿಕೊಳ್ಳಲು ಹೊರಟ ಡೆಲ್ಫೀನಳ ಮನೆಗೆ ಇನ್ನೊಂದು ಚುಕ್ಕೆ. ನಡುವೆ ಏನು ಹರಿಯುತ್ತಿದೆ ನೋಡಿ. ಸೆನ್ ನದಿ! ಇಟಲಿಯ ವಿದ್ವಾಂಸ ಫ್ರಾಂಕೊ ಮೊರೆಟ್ಟಿ ಪ್ಯಾರಿಸ್ಸಿನ ಹಲವು ಕಾದಂಬರಿಗಳಿಗೆ ಹೀಗೆ ಚುಕ್ಕೆ ಇಡುತ್ತ ಹೋದರು. ತರುಣರು ಒಂದು ದಡದಲ್ಲಿ, ಅವರ ಆಸೆಗಳು ಎದುರು ದಡದಲ್ಲಿ! ಪುಟ ಪುಟ ಓದುವಾಗ ಕಾಣದ ಈ ವಿನ್ಯಾಸ ನಕ್ಷೆಯಲ್ಲಿ ಒಂದೇ ನೋಟಕ್ಕೆ ಎದ್ದು ಕಾಣುತ್ತದೆ.

ತೌಲನಿಕ ಸಾಹಿತ್ಯವನ್ನೂ ಭೂಗೋಳವನ್ನೂ ಜೊತೆಗಿಟ್ಟು ಓದುವವರಿಗೆ ಸಿಗುವ ಬೆರಗು ಇದು. ಜೇನ್ ಆಸ್ಟಿನ್‌ಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ (1814) ಇಂಗ್ಲೆಂಡಿನ ಹಳ್ಳಿಯ ಒಂದು ದೊಡ್ಡ ಮನೆಯ ಕಥೆ. ಆದರೆ ಆ ಮನೆಯ ಯಜಮಾನನ ಆಸ್ತಿ ಅಟ್ಲಾಂಟಿಕ್ ಸಾಗರದಾಚೆ, ಆಂಟಿಗಾ ದ್ವೀಪದಲ್ಲೂ ಇದೆ. ಅಲ್ಲಿಗೊಂದು ಗೆರೆ ಎಳೆದು ನೋಡಿ. ಆ ದ್ವೀಪದ ಮಣ್ಣು, ಮಳೆ, ಕಬ್ಬು, ಗದ್ದೆಯಲ್ಲಿ ದುಡಿದ ಗುಲಾಮರು ಎಲ್ಲವೂ ಆ ಪ್ರಶಾಂತ ಮನೆಯ ನಡುಮನೆಗೇ ಬಂದು ನಿಲ್ಲುತ್ತವೆ!

ಇದೆಲ್ಲ ಪಶ್ಚಿಮದ ಹೊಸ ಶೋಧ ಎನ್ನುವಿರಾ? ಮೈಸೂರಿನಲ್ಲಿ ಹುಟ್ಟಿ ಬೆಳೆದ ಕವಿ ಎ.ಕೆ. ರಾಮಾನುಜನ್ 1962ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತಿದ್ದರು. ಕೈಗೆ ಸಿಕ್ಕಿದ್ದು ಸಂಗಂ ಕಾವ್ಯ! ಸುಮಾರು ಎರಡು ಸಾವಿರ ವರ್ಷ ಹಿಂದಿನ ಆ ಕವಿಗಳು ಪ್ರೇಮವನ್ನು ಐದು ನೆಲಗಳಿಗೆ ಹಂಚಿಬಿಟ್ಟಿದ್ದರು. ಬೆಟ್ಟದಲ್ಲಿ ನಡುರಾತ್ರಿಯ ಮಿಲನ. ಕಾಡಿನಲ್ಲಿ ಸಂಜೆಯ ತಾಳ್ಮೆಯ ಕಾಯುವಿಕೆ. ಬಯಲಿನ ಗದ್ದೆಗಳಲ್ಲಿ ಮುನಿಸು. ಕಡಲ ತೀರದಲ್ಲಿ ಕಳವಳ. ಬೆಂಗಾಡಿನ ಮಟಮಟ ಮಧ್ಯಾಹ್ನದಲ್ಲಿ ಅಗಲಿಕೆ. ಒಂದು ಹೂವಿನ ಹೆಸರೆತ್ತಿದರೆ ಸಾಕು, ಯಾವ ನೆಲ, ಯಾವ ಹೊತ್ತು, ಎಂಥ ಪ್ರೀತಿ ಎಂದು ಕೇಳುಗನಿಗೆ ತಿಳಿಯುತ್ತಿತ್ತು. ಹಳೆಯ ತಮಿಳು ಲಕ್ಷಣಗ್ರಂಥ ‘ತೊಲ್ಕಾಪ್ಪಿಯಂ’ ಕಾವ್ಯಕ್ಕೆ ಮೊದಲ ವಸ್ತುವೆಂದು ಕರೆದದ್ದೇ ನೆಲವನ್ನೂ ಕಾಲವನ್ನೂ. ನಾಯಕ, ನಾಯಕಿ ಆಮೇಲೆ! ಭೂಗೋಳವನ್ನೇ ಕಾವ್ಯದ ಅಡಿಪಾಯ ಮಾಡಿದ ಇಂಥ ಮೀಮಾಂಸೆ ನನ್ನ ಓದಿನಲ್ಲಿ ಬೇರೆಲ್ಲೂ ಎದುರಾಗಿಲ್ಲ.

ಈಗ ಉಪಗ್ರಹ ಚಿತ್ರ, ಮಾಹಿತಿಯನ್ನು ನಕ್ಷೆಯ ಮೇಲೆ ಜೋಡಿಸುವ ಜಿಐಎಸ್ ತಂತ್ರಾಂಶಗಳೂ ಬಂದಿವೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ ಸರೋವರ ನಾಡಿನಲ್ಲಿ ಕವಿ ಗ್ರೇ 1769ರಲ್ಲಿ ಮಾಡಿದ ಪ್ರವಾಸವನ್ನೂ ಕೋಲ್‌ರಿಜ್ 1802ರಲ್ಲಿ ನಡೆದ ದಾರಿಯನ್ನೂ ನಕ್ಷೆಗೆ ಇಳಿಸಿದ್ದಾರೆ. ಇಂಥ ಓದಿಗೆ ನಮ್ಮಲ್ಲೂ ನೆಲೆಯಿದೆ: ನಮ್ಮ ದೇಶದಲ್ಲಿ ಜಾದವಪುರ ವಿಶ್ವವಿದ್ಯಾಲಯ ತೌಲನಿಕ ಸಾಹಿತ್ಯಕ್ಕೆಂದೇ 1956ರಲ್ಲಿ ವಿಭಾಗ ತೆರೆದಿತ್ತು.

ಸಾಹಿತ್ಯವೋ ಭೂಗೋಳವೋ ಎಂದು ತೂಗುತ್ತಿರುವ ವಿದ್ಯಾರ್ಥಿಗಳೇ, ದಯವಿಟ್ಟು ಯಾವುದೊಂದನ್ನೂ ಕೈಬಿಡಬೇಡಿ. ತೀರ್ಥಹಳ್ಳಿಯ ಮಲೆಗಳ ‘ಮಲೆಗಳಲ್ಲಿ ಮದುಮಗಳು’, ಘಟ್ಟದ ಕೆಳಗಿನ ಕಡಲತೀರದ ‘ಮರಳಿ ಮಣ್ಣಿಗೆ’ ಎರಡೂ ಕಾದಂಬರಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದು ಭೂಪಟ, ಒಂದು ಪೆನ್ಸಿಲ್ ತೆಗೆದುಕೊಂಡು ಇವತ್ತೇ ಮೊದಲ ಚುಕ್ಕೆ ಇಡಿ.