ಮರುಭೂಮಿಯ ಮಾಳಿಗೆ: ರಚನೆ, ಕೇಡು, ದುರಸ್ತಿ

ಮನೆಯ ವಿಚಾರ ಬಂದಾಗ ನಾವು ಗೋಡೆಯನ್ನು ನೋಡುತ್ತೇವೆ, ಬಾಗಿಲನ್ನು ನೋಡುತ್ತೇವೆ. ಮಾಳಿಗೆಯ ನೆನಪಾಗುವುದು ಅದು ಸೋರತೊಡಗಿದ ಮೇಲೆ. ಮಲೆನಾಡಿನಂತಹ ಮಳೆಯ ಸೀಮೆಯಲ್ಲಿ ಈ ಮರೆವು ಹೆಚ್ಚು ಕಾಲ ನಡೆಯದು. ಬೇಸಗೆಯಲ್ಲಿ ಹೆಂಚು ಕೈಯಾಡಿಸದಿದ್ದವನಿಗೆ ಆಷಾಢದ ಮೊದಲ ವಾರವೇ ಬುದ್ಧಿ ಕಲಿಸುತ್ತದೆ. ಮಳೆಯೇ ಅಪರೂಪವಾದ ಪಶ್ಚಿಮ ರಾಜಸ್ಥಾನದಲ್ಲಿ ಸಂಗತಿ ಬೇರೆ. ಅಲ್ಲಿ ಮಾಳಿಗೆ ಕೆಟ್ಟು ಎರಡು ಮೂರು ವರ್ಷಗಳಾದರೂ ಒಳಗಿರುವವರಿಗೆ ತಿಳಿಯದೆ ಹೋಗಬಹುದು. ತಿಳಿಯುವ ದಿನ ಬಂದಾಗ ದುರಸ್ತಿಗೆ ವೇಳೆ ಉಳಿದಿರುವುದಿಲ್ಲ.

ನಮ್ಮವರಲ್ಲಿ ನೌಕರಿಯ ನಿಮಿತ್ತ ಜೋಧಪುರ, ಬಿಕಾನೇರ, ಜೈಸಲ್ಮೇರುಗಳಲ್ಲಿ ಕೆಲವು ವರ್ಷ ವಾಸಮಾಡಿದವರು ಉಂಟು. ವಿಜಯಪುರ, ರಾಯಚೂರು, ಬಳ್ಳಾರಿಗಳ ಕಡೆಯವರಿಗಂತೂ ಚಪ್ಪಟೆ ಮಾಳಿಗೆ ಹುಟ್ಟಿನಿಂದ ಬಂದ ಪರಿಚಯ. ಆದುದರಿಂದ ಮರುಭೂಮಿಯ ಮಾಳಿಗೆಯ ರಚನೆಯನ್ನೂ, ಅದು ಕೆಡುವ ಬಗೆಯನ್ನೂ, ಅದನ್ನು ಕಾಪಾಡುವ ಕ್ರಮವನ್ನೂ ಇಲ್ಲಿ ಸಂಗ್ರಹವಾಗಿ ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಮಾಳಿಗೆಯ ಮೂರು ಕೆಲಸಗಳು

ಮರುಭೂಮಿಯಲ್ಲಿ ಮಾಳಿಗೆ ಬಿಸಿಲಿಗೆ ಹಿಡಿದ ಕೊಡೆ ಮಾತ್ರವಲ್ಲ. ಜೋಧಪುರದ ಉತ್ತರಕ್ಕಿರುವ ಫಲೋದಿಯಲ್ಲಿ ೨೦೧೬ನೆಯ ಇಸವಿ ಮೇ ೧೯ರಂದು ೫೧ ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಅಂತಹ ಹಗಲನ್ನು ತಡೆಯುವುದು ಮಾಳಿಗೆಯ ಮೊದಲನೆಯ ಕೆಲಸ. ಹಗಲೆಲ್ಲ ಕಾದ ಕೋಣೆಯನ್ನು ಬಿಟ್ಟು ಮನೆಮಂದಿ ರಾತ್ರಿ ಮಲಗುವುದು ಮಾಳಿಗೆಯ ಮೇಲೆಯೇ, ಇದು ಎರಡನೆಯದು. ಮೂರನೆಯದನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಂತರ್ಜಲ ಬಹುಕಡೆ ಉಪ್ಪಾಗಿರುವ ಆ ನಾಡಿನಲ್ಲಿ ಮಾಳಿಗೆಯೇ ಕುಡಿಯುವ ನೀರಿನ ಕೆರೆ. ಅದರ ಮೇಲೆ ಬಿದ್ದ ಮಳೆ ಕಲ್ಲಿನ ದೋಣಿಯ ಮೂಲಕ ಇಳಿದು ನೆಲದೊಳಗಿನ ಟಾಂಕಾ ಎಂಬ ತೊಟ್ಟಿಯನ್ನು ಸೇರುತ್ತದೆ. ಆ ದೋಣಿಗೆ ಅಲ್ಲಿಯವರು ಪರನಾಳಾ ಎನ್ನುತ್ತಾರೆ. ನಮ್ಮ ದೇವಾಲಯಗಳ ವರ್ಣನೆಯಲ್ಲಿ ಬರುವ ಪ್ರಣಾಲವೇ ಇದು.

ಈ ಮೂರನೆಯ ಕೆಲಸದ ಬೆಲೆಯನ್ನು ಸಣ್ಣದೊಂದು ಲೆಕ್ಕದಿಂದ ತಿಳಿಯಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುತ್ತದೆ. ಜೈಸಲ್ಮೇರಿನ ಕಡೆ ವರ್ಷದ ಮಳೆ ಸುಮಾರು ೨೦೦ ಮಿಲಿಮೀಟರು. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ಹೀಗೆ ಬೀಳುವುದು ೨೦,೦೦೦ ಲೀಟರು. ಆರಿಹೋದದ್ದು, ಚೆಲ್ಲಿಹೋದದ್ದು ಎಂದು ಐದರಲ್ಲೊಂದು ಪಾಲನ್ನು ಕಳೆದರೂ ೧೬,೦೦೦ ಲೀಟರು ಉಳಿಯಿತು. ಐದು ಮಂದಿಯ ಸಂಸಾರಕ್ಕೆ ಕುಡಿಯಲು, ಅಡಿಗೆಗೆ ತಲೆಗೆ ಹತ್ತು ಲೀಟರಿನಂತೆ ದಿನಕ್ಕೆ ಐವತ್ತು ಲೀಟರು ಬೇಕೆಂದರೆ ಇದು ೩೨೦ ದಿನಕ್ಕೆ ಸಾಕು. ಮಾಳಿಗೆ ಬಿರಿದು ಆ ನೀರು ಗೋಡೆಯೊಳಕ್ಕೆ ಇಳಿದರೆ ಗೋಡೆಯೂ ಕೆಟ್ಟಿತು, ವರ್ಷದ ನೀರೂ ಹೋಯಿತು.

ಮೂರು ಬಗೆಯ ರಚನೆ

ಅಲ್ಲಿಯ ಹಳೆಯ ಮಾಳಿಗೆಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು. ಊರ ಹೊರಗಿನ ಢಾಣಿಗಳಲ್ಲಿ ಮಣ್ಣಿನ ದುಂಡುಗೋಡೆಯ ಮೇಲೆ ಖೀಂಪ್ ಎಂಬ ಮರುಭೂಮಿಯ ಪೊದೆಯ ಕಡ್ಡಿಗಳನ್ನು ಹೊದಿಸಿದ ಗುಡಿಸಲುಗಳಿವೆ. ಇವುಗಳ ಹೊದಿಕೆಯನ್ನು ಕೆಲವು ವರ್ಷಗಳಿಗೊಮ್ಮೆ ಹೊಸದು ಮಾಡುವುದೇ ದುರಸ್ತಿ. ಇದರ ವಿಷಯ ಹೆಚ್ಚು ಹೇಳಬೇಕಾದುದಿಲ್ಲ.

ಎರಡನೆಯದು ಮಣ್ಣಿನ ಮಾಳಿಗೆ. ಜೈಸಲ್ಮೇರಿನ ಹಳೆಯ ಮನೆಗಳಲ್ಲಿ ಮರದ ತೊಲೆಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಜೊಂಡಿನ ಅಥವಾ ಹುಲ್ಲಿನ ಚಾಪೆ ಹಾಸಿ, ಅದರ ಮೇಲೆ ಮಣ್ಣನ್ನು ದಪ್ಪವಾಗಿ ಹೇರಿದ್ದಾರೆ. ದಪ್ಪ ಮಣ್ಣಿನ ಮೂಲಕ ಶಾಖ ಮೆಲ್ಲಗೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿ ಕೋಣೆಯನ್ನು ಮುಟ್ಟುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಮನೆಯವರು ಮೇಲೆ ಮಲಗಿರುತ್ತಾರೆ. ನಮ್ಮ ಬಯಲುಸೀಮೆಯ ಮೇಲ್ಮುದ್ದೆಯ ಮನೆಗಳ ತತ್ತ್ವವೂ ಇದೇ. ಬಳ್ಳಾರಿ, ರಾಯಚೂರಿನ ಕಡೆ ಮೇಲುಪದರಕ್ಕೆ ಚೌಳುಮಣ್ಣನ್ನು ಹುಡುಕಿ ತರುವುದರಲ್ಲಿ ಒಂದು ಜಾಣತನವಿದೆ. ಆ ಮಣ್ಣಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ನೆನೆದಾಗ ಆ ನುಣುಪು ಕಣಗಳು ರಂಧ್ರಗಳಲ್ಲಿ ಕುಳಿತು ನೀರಿನ ದಾರಿಯನ್ನು ಮುಚ್ಚುತ್ತವೆ. ಬೆಳೆಗೆ ಹಗೆಯಾದ ಮಣ್ಣು ಮನೆಗೆ ನೆಂಟನಾದುದು ಹೀಗೆ.

ಮೂರನೆಯದು ಕಲ್ಲಿನ ಮಾಳಿಗೆ. ಜೋಧಪುರದ ಮರಳುಗಲ್ಲನ್ನು ಉದ್ದುದ್ದ ಚಪ್ಪಡಿಗಳಾಗಿ ಸೀಳಬಹುದು. ಪಟ್ಟಿ ಎಂದು ಕರೆಯುವ ಈ ಚಪ್ಪಡಿಗಳನ್ನು ಗೋಡೆಯಿಂದ ಗೋಡೆಗೆ, ಇಲ್ಲವೆ ಕಬ್ಬಿಣದ ತೊಲೆಗಳ ಮೇಲೆ ಹಾಸಿ, ಸಂದುಗಳನ್ನು ಗಾರೆಯಿಂದ ತುಂಬಿ, ಮೇಲೆ ಸುಣ್ಣ ಮತ್ತು ಇಟ್ಟಿಗೆಚೂರುಗಳ ಗಚ್ಚನ್ನು ಬಡಿದು ಕೂರಿಸುತ್ತಾರೆ. ಗಚ್ಚು ಎಂಬ ನಮ್ಮ ಮಾತು ಪಾರಸಿಯಿಂದ ಬಂದದ್ದು. ಅಲ್ಲಿ ಗಚ್ ಎಂದರೆ ಜಿಪ್ಸಂ ಗಾರೆ. ಮಳೆ ಕಡಿಮೆಯಾದ ನಾಡುಗಳ ಕಟ್ಟಡದ ಕಸುಬು ಪದದ ಜೊತೆಗೆ ಇಲ್ಲಿಗೂ ಬಂದಿತೆನ್ನಬಹುದು.

ಕೇಡಿನ ಕಾರಣಗಳು

ಮಾಳಿಗೆಯನ್ನು ಹಾಳುಮಾಡುವುದು ಬಿಸಿಲೋ ಮಳೆಯೋ ಎಂದು ಕೇಳಿದರೆ, ಬಿಸಿಲು ಬಾಗಿಲು ತೆರೆಯುತ್ತದೆ, ಮಳೆ ಒಳಗೆ ಬರುತ್ತದೆ ಎಂದು ಉತ್ತರ ಹೇಳಬೇಕಾಗುತ್ತದೆ. ಬೇಸಗೆಯ ಮಧ್ಯಾಹ್ನ ಮಾಳಿಗೆಯ ಮೇಲ್ಮೈ ೬೫ ಡಿಗ್ರಿಯವರೆಗೂ ಕಾಯಬಹುದು. ಮೋಡವಿಲ್ಲದ ರಾತ್ರಿಯಲ್ಲಿ ಆ ಶಾಖವೆಲ್ಲ ಆಕಾಶಕ್ಕೆ ಹೋಗಿ ಬೆಳಗಿನ ಜಾವಕ್ಕೆ ಅದು ೨೫ಕ್ಕೆ ಇಳಿಯಬಹುದು. ಅಂತರ ನಲವತ್ತು ಡಿಗ್ರಿ. ಕಲ್ಲಾಗಲಿ ಕಾಂಕ್ರೀಟಾಗಲಿ ಒಂದು ಡಿಗ್ರಿಗೆ ತನ್ನ ಉದ್ದದ ಲಕ್ಷದಲ್ಲೊಂದು ಪಾಲಿನಷ್ಟು ಹಿಗ್ಗುತ್ತದೆ. ಹತ್ತು ಮೀಟರು ಉದ್ದದ ಮಾಳಿಗೆ ಹಾಗಾದರೆ ದಿನವೊಂದಕ್ಕೆ ನಾಲ್ಕು ಮಿಲಿಮೀಟರು ಹಿಗ್ಗಿ ಕುಗ್ಗಬೇಕು. ವರ್ಷದುದ್ದಕ್ಕೂ ಹೀಗೆ ಎಳೆದಾಡಿದ ಗಾರೆ ಎಲ್ಲಿಯೋ ಬಿರಿಯಲೇಬೇಕು. ಸಾಮಾನ್ಯವಾಗಿ ಅದು ಬಿರಿಯುವುದು ಚಪ್ಪಡಿಗಳ ಸಂದಿನಲ್ಲಿ, ಮೋಟುಗೋಡೆ ಮಾಳಿಗೆಯನ್ನು ಕೂಡುವ ಮೂಲೆಯಲ್ಲಿ, ಹಳೆಯ ಕೋಣೆಗೆ ಹೊಸ ಕೋಣೆಯನ್ನು ಅಂಟಿಸಿದ ಕಡೆಯಲ್ಲಿ.

ಎರಡನೆಯ ಶತ್ರು ಮರಳು. ಬೇಸಗೆಯ ಆಂಧಿ ಮೋಟುಗೋಡೆಯ ಒಳಮೂಲೆಗಳಲ್ಲಿ ಮರಳನ್ನು ತಂದು ಒಟ್ಟುತ್ತದೆ, ಪರನಾಳಾ ಕಟ್ಟಿಹೋಗುತ್ತದೆ. ನೂರು ಚದರ ಮೀಟರಿನ ಮೇಲೆ ಒಂದೇ ಸೆಂಟಿಮೀಟರು ಮರಳು ನಿಂತರೂ ಅದರ ತೂಕ ೧,೬೦೦ ಕಿಲೋಗ್ರಾಮು. ನೆನೆದರೆ ಇನ್ನೂ ಹೆಚ್ಚು. ದೋಣಿ ಕಟ್ಟಿದ್ದರೆ ಅದರ ಮೇಲೆ ನೀರಿನ ಭಾರವೂ ಸೇರುತ್ತದೆ.

ಮೂರನೆಯದು ಉಪ್ಪು. ಆ ಸೀಮೆಯ ನದಿಯ ಹೆಸರೇ ಲೂಣಿ, ಅಂದರೆ ಲವಣದವಳು. ಉಪ್ಪುನೀರಿನಲ್ಲಿ ಕಲಸಿದ ಗಾರೆ ಒಣಗುತ್ತಿದ್ದಂತೆ ಲವಣ ಹರಳುಗಟ್ಟಿ ಉಬ್ಬುತ್ತದೆ, ಗಾರೆ ಪುಡಿಯಾಗುತ್ತದೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟಿನಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕೆಳಗಿನ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಕುಡಿಯಲು ಯೋಗ್ಯವಾದ ನೀರಲ್ಲದೆ ಬೇರೆ ನೀರನ್ನು ಮಾಳಿಗೆಯ ಕೆಲಸಕ್ಕೆ ಬಳಸಬಾರದೆಂಬ ನಿಯಮಕ್ಕೆ ಇದೇ ಕಾರಣ.

ನಾಲ್ಕನೆಯದು ಮನೆಯವರ ಕೈಯಿಂದಲೇ ಬರುವ ಕೇಡು. ಮಣ್ಣಿನ ಮಾಳಿಗೆ ಸೋರಿದಾಗ ಹಳೆಯ ಪದರವನ್ನು ಕೆರೆಯದೆ ಮೇಲೆ ಹೊಸ ಮಣ್ಣು ಹಾಕುವ ರೂಢಿ ಎಲ್ಲ ಕಡೆಯೂ ಉಂಟು. ಒಂದಂಗುಲದ ಪದರ ನೂರು ಚದರ ಮೀಟರಿಗೆ ಸುಮಾರು ನಾಲ್ಕು ಟನ್ನಿನ ಭಾರ. ಅಜ್ಜನ ಕಾಲದ ತೊಲೆ ಮೊಮ್ಮಗನ ಕಾಲಕ್ಕೆ ಹೊರುವ ಭಾರವನ್ನು ಇದರಿಂದ ಊಹಿಸಬಹುದು. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಗೆ ಅಸಂಖ್ಯ ಮಣ್ಣಿನ ಮನೆಗಳು ಕುಸಿದುವು. ಅದಕ್ಕೆ ಮೂರು ವರ್ಷ ಮೊದಲು, ೨೦೦೬ರ ಆಗಸ್ಟಿನಲ್ಲಿ, ಥಾರ್ ಮರುಭೂಮಿಯ ಬಾಡಮೇರು ಜಿಲ್ಲೆಯಲ್ಲಿಯೇ ಪ್ರವಾಹ ಬಂದಿತು. ಕವಾಸ್ ಎಂಬ ಹಳ್ಳಿ ಮುಳುಗಿ, ನೆಲದಡಿಯ ಜಿಪ್ಸಂ ಪದರದಿಂದ ನೀರು ಇಂಗದೆ ಬಹುಕಾಲ ನಿಂತಿತು. ಮರುಭೂಮಿಯಲ್ಲಿ ಮಳೆ ಬಾರದೆಂಬ ನಂಬಿಕೆಯ ಮೇಲೆ ಮಾಳಿಗೆಯನ್ನು ಬಿಡಬಾರದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ದುರಸ್ತಿಯ ಕ್ರಮ

ಮೊದಲು ಪರೀಕ್ಷೆ. ಬಿರುಕುಗಳನ್ನು ನೋಡಬೇಕಾದುದು ಬೆಳಗಿನ ಜಾವದಲ್ಲಿ. ತಂಪಿಗೆ ಕುಗ್ಗಿದ ಮಾಳಿಗೆಯಲ್ಲಿ ಬಿರುಕು ಅಗಲವಾಗಿ ಕಾಣುತ್ತದೆ. ಮಧ್ಯಾಹ್ನ ಅದೇ ಬಿರುಕು ಮುಚ್ಚಿಕೊಂಡು ಕಣ್ಣಿಗೆ ಬೀಳದು. ತುಂಬಬೇಕಾದುದೂ ಆ ಹೊತ್ತಿನಲ್ಲಿಯೇ. ಬಿಸಿಲಿನಲ್ಲಿ ತುಂಬಿದ ಗಾರೆಯನ್ನು ಅದೇ ರಾತ್ರಿಯ ತಂಪು ಎಳೆದು ಬಿಡಿಸುತ್ತದೆ. ಕಲ್ಲಿನ ಪಟ್ಟಿಯನ್ನು ಕೆಳಗಿನಿಂದ ಬಡಿದು ನೋಡಬೇಕು: ಗಟ್ಟಿಕಲ್ಲು ಖಣಿಲೆನ್ನುತ್ತದೆ, ಬಿರಿದದ್ದು ಒಡಕು ದನಿ ಕೊಡುತ್ತದೆ. ಕಲ್ಲು ಬಾಗಿ ಮುನ್ಸೂಚನೆ ಕೊಡುವ ವಸ್ತುವಲ್ಲ, ಒಮ್ಮೆಗೇ ತುಂಡಾಗುತ್ತದೆ. ಆದುದರಿಂದ ನಡುವಿನಲ್ಲಿ ಅಡ್ಡ ಬಿರುಕು ಕಂಡ ಪಟ್ಟಿಗೆ ಗಾರೆ ಮೆತ್ತುವುದು ಅಪಾಯ. ಅಡಿಗೆ ತೊಲೆ ಕೊಟ್ಟು ಪಟ್ಟಿಯನ್ನು ಬದಲಾಯಿಸಬೇಕು. ಸಾವಿರ ಲೀಟರಿನ ನೀರಿನ ತೊಟ್ಟಿ ಒಂದು ಟನ್ನು ತೂಗುತ್ತದೆ. ಅದನ್ನು ಕೋಣೆಯ ನಡುವಿನ ಮೇಲಲ್ಲ, ಗೋಡೆಯ ನೇರಕ್ಕೆ ಕೂರಿಸತಕ್ಕದ್ದು.

ಬಳಿಕ ವಸ್ತುವಿನ ವಿಚಾರ. ಸುಣ್ಣದ ಗಚ್ಚಿನ ಮೇಲೆ ತೆಳುವಾದ ಸಿಮೆಂಟು ಎಳೆಯುವುದು ಈಗಿನ ಸುಲಭೋಪಾಯ. ಸಿಮೆಂಟು ಗಡುಸು, ಅಡಿಯ ಗಚ್ಚು ಮೆದು. ಎರಡೂ ಒಂದೇ ಲಯದಲ್ಲಿ ಹಿಗ್ಗಿ ಕುಗ್ಗುವುದಿಲ್ಲವಾಗಿ ಸಿಮೆಂಟು ಬಿರಿದು ಎದ್ದು ಬರುತ್ತದೆ. ಬಿರುಕಿನಲ್ಲಿ ಇಳಿದ ನೀರು ಮೇಲಕ್ಕೆ ಆರಲು ದಾರಿ ಕಾಣದೆ ಗಚ್ಚಿನಲ್ಲಿಯೇ ನಿಲ್ಲುತ್ತದೆ. ಸುಣ್ಣದ ಮಾಳಿಗೆಯನ್ನು ಸುಣ್ಣದಿಂದ, ಮಣ್ಣಿನದನ್ನು ಮಣ್ಣಿನಿಂದ ದುರಸ್ತಿಮಾಡುವುದೇ ನ್ಯಾಯ. ಚೆನ್ನಾಗಿ ಕಳಿತ ಸುಣ್ಣ, ಇಟ್ಟಿಗೆಯ ಪುಡಿ, ಇಟ್ಟಿಗೆಚೂರು ಇವುಗಳ ಗಚ್ಚನ್ನು ಹರಡಿ, ಬೆಲ್ಲದ ನೀರನ್ನೂ ಮೆಂತ್ಯದ ಲೋಳೆಯನ್ನೂ ಚಿಮುಕಿಸುತ್ತ ಮರದ ಬಡಿಗೆಯಿಂದ ದಿನಗಟ್ಟಲೆ ಬಡಿಯುತ್ತಾರೆ. ನೀರು ಸರಾಗವಾಗಿ ಹರಿಯುವಷ್ಟು ಇಳಿಜಾರನ್ನು ದೋಣಿಯ ಕಡೆಗೆ ಕೊಡಬೇಕು. ಮೋಟುಗೋಡೆಯ ಮೂಲೆಯನ್ನು ದುಂಡಗೆ ಮೆತ್ತಬೇಕು. ಎರಡು ವಾರವಾದರೂ ಒಣಗಗೊಡದೆ ಒದ್ದೆಗೋಣಿಯನ್ನು ಹೊದಿಸಿಡಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮರಳಿ ಸುಣ್ಣಗಲ್ಲಾಗುವುದರಿಂದ. ತೇವವಿಲ್ಲದೆ ಈ ಕ್ರಿಯೆ ನಡೆಯದು. ಮೇ ತಿಂಗಳ ಬಿಸಿಗಾಳಿಯಲ್ಲಿ ಮಾಡಿದ ಕೆಲಸ ಪುಡಿಯಾಗುವುದು ಇದರಿಂದಲೇ. ಗಚ್ಚಿನ ಕೆಲಸಕ್ಕೆ ಫಾಲ್ಗುಣ ಮಾಸ ಪ್ರಶಸ್ತ. ಮರಳು ಗುಡಿಸುವುದು, ದೋಣಿ ಬಿಡಿಸುವುದು, ಸುಣ್ಣ ಬಳಿಯುವುದು ಜ್ಯೇಷ್ಠದಲ್ಲಿ ಆಗಬೇಕು. ದೀಪಾವಳಿಗೆ ಗೋಡೆಗೆ ಸುಣ್ಣ ಬಳಿಯುವವರು ಮಾಳಿಗೆಯನ್ನೂ ಅದೇ ವೇಳೆಗೆ ನೋಡುವರಾದರೆ ಮಳೆ ಆಗಲೇ ಬಂದು ಹೋಗಿರುತ್ತದೆ.

ಬಿಳಿಯ ಸುಣ್ಣ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವುದರಿಂದ ಕೋಣೆ ತಂಪಾಗುತ್ತದೆ. ದಿನದ ಹಿಗ್ಗು ಕುಗ್ಗು ಕಡಿಮೆಯಾಗಿ ಬಿರುಕೂ ಕಡಿಮೆಯಾಗುತ್ತದೆ. ಗಾರೆಯಲ್ಲಿ ಮಣ್ಣಿನ ಕುಡಿಕೆಗಳನ್ನು ಬೋರಲು ಜೋಡಿಸಿ ಅವುಗಳೊಳಗಿನ ಗಾಳಿಯಿಂದ ಶಾಖವನ್ನು ತಡೆಯುವ ಹಳೆಯ ಪದ್ಧತಿಯೂ ಒಳ್ಳೆಯದೇ, ಮಾಳಿಗೆ ಆ ಭಾರವನ್ನು ಹೊರುವುದಾದರೆ. ಕರಿಯ ಡಾಂಬರು ಮಾತ್ರ ಬಿಸಿಲಿಗೆ ಬೆಂದು ಪೆಡಸಾಗಿ ಒಡೆಯುತ್ತದೆ. ಟಾಂಕಾಕ್ಕೆ ನೀರು ಕೊಡುವ ಮಾಳಿಗೆಗೆ ಅದು ಸರ್ವಥಾ ಸಲ್ಲದು. ಅದರ ಮೇಲಿಂದ ಬಂದ ನೀರು ಕುಡಿಯಲು ಯೋಗ್ಯವಲ್ಲ.

ಬ್ಯಾಂಕಿನ ಮೇಜಿನ ಈಚೆಗೆ ಕುಳಿತು ಮನೆಸಾಲದ ಅರ್ಜಿಗಳನ್ನು ನೋಡುವ ನನ್ನ ಅನುಭವದಲ್ಲಿ, ಹೊಸ ಕೋಣೆಗೆ ಸಾಲ ಕೇಳುವವರು ಬಹುಮಂದಿ, ಮಾಳಿಗೆಯ ದುರಸ್ತಿಗೆ ಕೇಳುವವರು ವಿರಳ. ವ್ಯಾಪಾರಿ ತನ್ನ ಯಂತ್ರದ ಸವಕಳಿಗೆಂದು ವರ್ಷವರ್ಷವೂ ಹಣ ತೆಗೆದಿಡುತ್ತಾನೆ. ಗೃಹಸ್ಥನು ಮಾಳಿಗೆಗೆ ಹಾಗೆ ತೆಗೆದಿಡುವುದಿಲ್ಲ. ಒಂದು ಪೊರಕೆ, ಒಂದು ಮೂಟೆ ಸುಣ್ಣ, ಎರಡು ದಿನದ ಕೂಲಿ ಇವಿಷ್ಟೇ ವರ್ಷದ ಖರ್ಚು. ಅದನ್ನು ಉಳಿಸಿದವನು ಮುಂದೆ ಚಪ್ಪಡಿಗೂ ತೊಲೆಗೂ ತೆರಬೇಕಾಗುತ್ತದೆ. ದುರದೃಷ್ಟವಶಾತ್ ಕೆಲವೆಡೆ ಅಡಿಯಲ್ಲಿ ಮಲಗಿದ್ದವರ ಪ್ರಾಣವನ್ನೂ ತೆತ್ತದ್ದುಂಟು. ಥಾರಿನ ಹಳೆಯ ಗೃಹಸ್ಥರು ಆಕಾಶದಲ್ಲಿ ಮೋಡ ಕಾಣುವ ಮೊದಲೇ ಮಾಳಿಗೆಯನ್ನು ಗುಡಿಸಿ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಎರಡನೆಯ ಮಳೆಗೆ ಟಾಂಕಾದ ಬಾಯಿ ತೆರೆಯುತ್ತಿದ್ದರು. ಬಯಲುಸೀಮೆಯ ನಮ್ಮ ಮನೆಗಳಿಗೂ, ನಗರಗಳ ಕಾಂಕ್ರೀಟು ಮಾಳಿಗೆಗಳಿಗೂ ಈ ಕ್ರಮ ಒಪ್ಪತಕ್ಕದ್ದೇ ಆಗಿದೆ.