ನಿಮಗಿದು ಗೊತ್ತೇ? ಇಪ್ಪತ್ತರ ಹರೆಯದಲ್ಲೇ ಕಡಲು ದಾಟಿ ಬಂದ ಪಾದ್ರಿಗಳು

● ಪಾದ್ರಿ ಎಂದೊಡನೆ ಕಣ್ಣಿಗೆ ಕಟ್ಟುವುದು ಬಿಳಿಗಡ್ಡದ ಹಿರಿಯರು. ಆದರೆ ಬಾಸೆಲ್ ಮಿಶನ್ನಿನಿಂದ ನಮ್ಮ ಕರಾವಳಿಗೆ ಬಂದವರಲ್ಲಿ ಹಲವರು ಎಳೆ ಹರೆಯದವರು. 1853ರಲ್ಲಿ ಬಂದಿಳಿದಾಗ ಫರ್ಡಿನಂಡ್ ಕಿಟೆಲ್‌ಗೆ 21 ವರ್ಷ. 1836ರಲ್ಲಿ ಭಾರತಕ್ಕೆ ಬಂದು ಆಮೇಲೆ ಈ ಮಿಶನ್ ಸೇರಿದ ಹರ್ಮನ್ ಗುಂಡರ್ಟ್‌ಗೆ 22, ಅದೇ ವರ್ಷ ಬಂದ ಹರ್ಮನ್ ಮೊಗ್ಲಿಂಗ್‌ಗೆ 25. ಈಗ ಆ ವಯಸ್ಸಿನ ನಮ್ಮ ಮಕ್ಕಳು ಬೆಂಗಳೂರಿಗೆ ಹೊರಟರೂ ಮನೆಯವರ ಜೀವ ನಿಲ್ಲುವುದಿಲ್ಲ.

● ಇವರಿಗಿಂತ ಬಹಳ ಮೊದಲೇ, 1706ರ ಜುಲೈ 9ರಂದು, ತಮಿಳುನಾಡಿನ ತರಂಗಂಬಾಡಿಯಲ್ಲಿ ಇಳಿದ ಬಾರ್ತಲೋಮಿಯಸ್ ಸೀಗನ್‌ಬಾಲ್ಗ್ ಕೂಡ ಇಪ್ಪತ್ತನಾಲ್ಕರ ಆಸುಪಾಸಿನವರು. ಜರ್ಮನಿಯವರಾದರೂ ಅವರನ್ನು ಕಳಿಸಿದ್ದು ಡೆನ್ಮಾರ್ಕಿನ ರಾಜ. ತಮಿಳು ಕಲಿತು, ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಹಾಕಿಸಿ, 1719ರಲ್ಲಿ ಅಲ್ಲಿಯೇ ತೀರಿಕೊಂಡರು. ಆಗ ಅವರ ವಯಸ್ಸು 36.

● ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಮಂಗಳೂರಿಗೆ ಬಂದದ್ದು 1834ರಲ್ಲಿ. ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯ್ದೆ. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, ಅಕ್ಟೋಬರ್ ಕೊನೆಗೆ ಮಂಗಳೂರು ಸೇರಿದರು. ಸೂಯೆಜ್ ಕಾಲುವೆ ಇಲ್ಲದ ಕಾಲ. ಆಫ್ರಿಕಾ ಖಂಡವನ್ನೇ ಬಳಸಿಕೊಂಡು ಹಡಗು ಬರಬೇಕು.

● ಬಂದವರ ಮುಂದಿದ್ದ ಮೊದಲ ಕೆಲಸ ಉಪದೇಶವಲ್ಲ, ಮುನ್ಶಿಯ ಎದುರು ಕೂತು ಅಕ್ಷರ ತಿದ್ದುವುದು. ಅದೂ ಮಂಗಳೂರಿನಲ್ಲಿ! ಬೀದಿಯಲ್ಲಿ ತುಳು, ಎಷ್ಟೋ ಮನೆಗಳಲ್ಲಿ ಕೊಂಕಣಿ, ಓದು-ಬರಹಕ್ಕೆ ಕನ್ನಡ. ಗ್ರೈನರ್ ತುಳುವಿಗೆ ಒಲಿದರು. ಅವರು ಅನುವಾದಿಸಿದ ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು.

● ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುವುದು ಮೊಗ್ಲಿಂಗರಿಂದಾಗಿ. 1843ರ ಆ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಸಂಪಾದಕರಿಗೆ 32 ವರ್ಷ. ಪತ್ರಿಕೆ ಅಚ್ಚಾದದ್ದು ಮೊಳೆಗಳಿಂದಲ್ಲ, ಕಲ್ಲಿನಿಂದ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಅಕ್ಷರ ಮೂಡಿಸುತ್ತಾರೆ. ಆಮೇಲೆ ಕಲ್ಲಿಗೆ ನೀರು ಸವರಿ, ಅದರ ಮೇಲೆ ಅಚ್ಚಿನ ಮಸಿ ಹೊರಳಿಸುತ್ತಾರೆ. ಒದ್ದೆ ಜಾಗ ಮಸಿಯನ್ನು ಮುಟ್ಟಿಸಿಕೊಳ್ಳುವುದಿಲ್ಲ, ಜಿಡ್ಡಿನ ಅಕ್ಷರ ಹಿಡಿದುಕೊಳ್ಳುತ್ತದೆ. ಕಾಗದ ಹೊದಿಸಿ ಒತ್ತಿದರೆ ಬರೆದವನ ಕೈಬರಹವೇ ಪ್ರತಿ ಪ್ರತಿಯಲ್ಲೂ ಮೂಡುತ್ತದೆ. ಇದೇ ಕಲ್ಲಚ್ಚು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ನಾಲ್ಕು ಪುಟಗಳಲ್ಲಿ ಊರ ಸುದ್ದಿ, ಕಂಪನಿ ಸರ್ಕಾರದ ಕಟ್ಟಳೆ, ಕಥೆ, ದಾಸರ ಪದ ಎಲ್ಲಕ್ಕೂ ಜಾಗವಿತ್ತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

● ಕ್ರಿಸ್ತನ ಸುವಾರ್ತೆ ಸಾರಲು ಬಂದ ಇದೇ ಮೊಗ್ಲಿಂಗ್ 1848ರಿಂದ ಕೆಲವು ವರ್ಷ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತಂದರು! ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಆ ಮಾಲೆಗೆ ಹಣ ಕೊಟ್ಟವರು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಮತಾಂತರ ಮಾಡಿಸುವುದೇ ಮಿಶನ್ನಿನ ಗುರಿಯಾಗಿತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ತಾಳೆಗರಿಯಲ್ಲಿದ್ದ ಕಾವ್ಯ ಓದುಗರ ಕೈಗೆ ಬಂದ ಉಪಕಾರವನ್ನು ನೆನೆಯದಿದ್ದರೆ ಅದೂ ಅನ್ಯಾಯವೇ.

● ಮದುವೆ? ಮಿಶನ್ನಿನ ಅಪ್ಪಣೆ ಬೇಕಿತ್ತು. ತರುಣರು ಒಂಟಿಯಾಗಿ ಬರಬೇಕು, ಕೆಲವು ವರ್ಷ ದುಡಿದ ಮೇಲೆ ಬಾಸೆಲ್‌ನ ಸಮಿತಿಗೆ ಅರ್ಜಿ ಹಾಕಬೇಕು. ಎಷ್ಟೋ ಸಲ ಹುಡುಗಿಯನ್ನು ಗೊತ್ತುಮಾಡಿ ಹಡಗು ಹತ್ತಿಸುತ್ತಿದ್ದದ್ದೂ ಅಲ್ಲಿಯವರೇ. ಮುಖ ನೋಡದ ಗಂಡನಿಗಾಗಿ ಇಪ್ಪತ್ತರ ಹುಡುಗಿಯರು ಸಾಗರ ದಾಟಿ ಬಂದರು. ಇವರ ಧೈರ್ಯ ಗಂಡಸರದಕ್ಕಿಂತ ಹೆಚ್ಚಿನದು ಎಂದೇ ನನ್ನ ಎಣಿಕೆ. ಪ್ರತಿಮೆ ಮಾತ್ರ ಯಾರಿಗೂ ಇಲ್ಲ.

● ಆ ತಾಯಂದಿರ ಇನ್ನೊಂದು ಸಂಕಟವೆಂದರೆ, ಓದಿಗಾಗಿ ಎಳೆಯ ಮಕ್ಕಳನ್ನು ಯುರೋಪಿಗೆ ಕಳಿಸಿಬಿಡುವುದು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಗುಂಡರ್ಟರ ಮಗಳು ಮರೀ ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಅಪ್ಪ-ಅಮ್ಮನಿಂದ ದೂರವಾಗಿ, ಹದಿಹರೆಯಕ್ಕೆ ಬಂದ ಮೇಲೆ ಮರಳಿದಳು. ಮುಂದೆ ಆಕೆ ಕೈಹಿಡಿದ ಯೊಹಾನಸ್ ಹೆಸ್ಸೆ ನಮ್ಮ ಮಂಗಳೂರಿನಲ್ಲಿ ಕೆಲಸ ಮಾಡಿದ್ದವರು. ಅವರ ಮಗನೇ ‘ಸಿದ್ಧಾರ್ಥ’ ಬರೆದು, 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ.

● ಸಾವು ಇವರ ಬೆನ್ನಿಗೇ ಇರುತ್ತಿತ್ತು. ಬೈಬಲ್ಲಿನ ಕನ್ನಡ ಅನುವಾದಕ್ಕೆ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ವಿಧವೆ ಪೌಲಿನ್ ಮತ್ತು ಮಕ್ಕಳಿಗೆ ಆಸರೆಯಾದವರು ವೈಗ್ಲೆಯ ಬಂಧುವೂ ಗೆಳೆಯರೂ ಆಗಿದ್ದ ಮೊಗ್ಲಿಂಗ್. ಅವರು ಪೌಲಿನ್‌ರನ್ನು ಮದುವೆಯಾದರು. ಕಿಟೆಲ್‌ರ ಮಡದಿಯ ಹೆಸರೂ ಪೌಲಿನ್. 1860ರಲ್ಲಿ ಮದುವೆ, 1864ರಲ್ಲಿ ಆಕೆಯ ಸಾವು.

● ಇದೇ ಕಿಟೆಲ್ ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳು, 1,700 ಮೀರಿದ ಪುಟಗಳು, ಜೊತೆಗೆ ರಾಶಿ ರಾಶಿ ಗಾದೆಗಳು. 21ರ ಹುಡುಗನಾಗಿ ಬಂದವರು ಆಗ 62 ವರ್ಷದ ಮುದುಕರು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆಯಿದೆ. ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿದಾಗ ಅದು ನಾಲ್ಕು ಸಂಪುಟವಾಯಿತು.

● ಮಂಗಳೂರು ಹಂಚೂ ಬಾಸೆಲ್ ಮಿಶನ್ನಿನ ಕೊಡುಗೆಯೇ. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು.

● ಧರ್ಮ ಸಾರಲೆಂದು ಈಗಲೂ ಇಂಥ ಎಳೆಯ ಹುಡುಗರು ಮನೆ ಬಿಡುತ್ತಾರೆ. ಅಮೆರಿಕದ ಮಾರ್ಮನ್ ಚರ್ಚಿನ ತರುಣರು 18ಕ್ಕೇ ಹೊರಟು, ಎರಡು ವರ್ಷ ಹೇಳಿದ ಊರಿನಲ್ಲಿ ಜೋಡಿಯಾಗಿ ದುಡಿಯುತ್ತಾರೆ. ಖರ್ಚಿನ ಬಹುಪಾಲು ಅವರದು ಮತ್ತು ಮನೆಯವರದು. ಹಿಂದೆ ಮನೆಗೆ ಫೋನ್ ಮಾಡಲು ವರ್ಷಕ್ಕೆ ಒಂದೆರಡೇ ಸಲ ಅವಕಾಶವಿತ್ತು. 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು.

● ಬಾಸೆಲ್ ಪಾದ್ರಿಗಳು ಇತ್ತ ಬರುತ್ತಿದ್ದ ಕಾಲದಲ್ಲೇ ಎದುರು ದಿಕ್ಕಿನಲ್ಲಿ ಹಡಗು ಹತ್ತಿದವರೊಬ್ಬರೂ ಇದ್ದರು, ಮಂಗಳೂರಿನ ಆನಂದರಾವ್ ಕೌಂಡಿನ್ಯ. ಬ್ರಾಹ್ಮಣ ಮನೆತನದ ಈ ತರುಣ 1844ರಲ್ಲಿ ಕ್ರೈಸ್ತರಾದಾಗ ಊರಲ್ಲೆಲ್ಲ ದೊಡ್ಡ ಗದ್ದಲ. ಮೊಗ್ಲಿಂಗ್ ಅವರನ್ನು ಬಾಸೆಲ್‌ಗೆ ಕರೆದೊಯ್ದರು. ಅಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು, ಕೌಂಡಿನ್ಯ ಮಿಶನರಿಯಾಗಿಯೇ ಮರಳಿದರು. 1860ರಲ್ಲಿ ಜರ್ಮನ್ ಹುಡುಗಿಯನ್ನು ಮದುವೆಯಾದರು. ಕೊಡಗಿನ ಆನಂದಪುರಕ್ಕೆ ಹೆಸರು ಬಂದದ್ದು ಇವರಿಂದಲೇ.